ಪ್ರೌಢಶಾಲಾ ವಿಭಾಗ ಹಂಚಿಕೆ

ಪ್ರೌಢಶಾಲಾ ವಿಭಾಗ ಹಂಚಿಕೆ ಎಂದರೆ ಒಂದೇ ತರಗತಿಯ ವಿದ್ಯಾರ್ಥಿಗಳನ್ನು ಪಬ್ಲಿಕ್ ಪರೀಕ್ಷೆಯ ವಿಷಯಗಳ ಬೋಧನೆಗಾಗಿ ವಿಭಾಗಗಳಾಗಿ, ವಿಷಯವಾರು ಗುಂಪುಗಳಾಗಿ ವಿಂಗಡಿಸುವ ಶಾಲಾ ಆಡಳಿತದ ಕ್ರಮ. ವಿದ್ಯಾರ್ಥಿ ಯಾವ ವಿಷಯಗಳಲ್ಲಿ ಯಾವ ಮಾಧ್ಯಮದಲ್ಲಿ ಪರೀಕ್ಷೆ ಬರೆಯಬೇಕು, ಆ ವಿಷಯಗಳನ್ನು ಯಾವ ಸಹಪಾಠಿಗಳ ಜೊತೆ ಯಾವ ಶಿಕ್ಷಕರಿಂದ ಕಲಿಯಬೇಕು ಎಂಬೆರಡು ನಿರ್ಧಾರಗಳು ಇದರಲ್ಲಿ ಸೇರಿವೆ. ಮೊದಲನೆಯದನ್ನು ಪರೀಕ್ಷಾ ಮಂಡಳಿಯ ನಿಯಮಗಳು ಬಹುಮಟ್ಟಿಗೆ ಗೊತ್ತುಪಡಿಸುತ್ತವೆ. ಎರಡನೆಯದು ಮುಖ್ಯೋಪಾಧ್ಯಾಯರ ವಿವೇಚನೆಗೆ ಬಿಟ್ಟದ್ದು. ಮಹಾರಾಷ್ಟ್ರದ ನಾಗಪುರ ಜಿಲ್ಲೆಯ ಉಮರೇಡ್, ಕರ್ನಾಟಕ, ಗಡಿಭಾಗದ ಕನ್ನಡ ಶಾಲೆಗಳು ಇವುಗಳಲ್ಲಿ ಅನ್ವಯವಾಗುವ ಕ್ರಮಗಳನ್ನು ಈ ಲೇಖನ ಮುಖ್ಯವಾಗಿ ವಿವರಿಸುತ್ತದೆ.

ಪರಿಭಾಷೆ

ಒಂದೇ ಹಾಜರಿ ಪುಸ್ತಕ ಮತ್ತು ಒಬ್ಬ ತರಗತಿ ಶಿಕ್ಷಕರಿರುವ ವಿದ್ಯಾರ್ಥಿ ಸಮೂಹಕ್ಕೆ ವಿಭಾಗ ಎಂದು ಹೆಸರು. ಕರ್ನಾಟಕದಲ್ಲಿ ಇದನ್ನು ಸೆಕ್ಷನ್ ಎಂದೂ ಕೇರಳದಲ್ಲಿ ಡಿವಿಷನ್ ಎಂದೂ ಮಹಾರಾಷ್ಟ್ರದಲ್ಲಿ ತುಕಡಿ ಎಂದೂ ಕರೆಯುತ್ತಾರೆ. ಒಂದು ವಿಷಯದ ಪಾಠದ ಅವಧಿಗೆ ಮಾತ್ರ ಕೂಡುವ ಸಮೂಹ ಬೋಧನಾ ಗುಂಪು. ಭಿನ್ನ ಕಲಿಕಾ ಮಟ್ಟದ ವಿದ್ಯಾರ್ಥಿಗಳು ಕೂಡಿರುವುದು ಮಿಶ್ರ ವಿಭಾಗ. ಹಿಂದಿನ ವರ್ಷದ ಒಟ್ಟು ಅಂಕಗಳ ಮೇಲೆ ಎಲ್ಲ ವಿಷಯಗಳಿಗೂ ಅನ್ವಯಿಸುವಂತೆ ವಿದ್ಯಾರ್ಥಿಗಳನ್ನು ಬೇರ್ಪಡಿಸುವುದು ಮಟ್ಟವಾರು ವಿಭಾಗೀಕರಣ. ಗಣಿತ ಅಥವಾ ಇಂಗ್ಲಿಷಿನಂಥ ಒಂದು ವಿಷಯಕ್ಕೆ ಮಾತ್ರ ಹಾಗೆ ಬೇರ್ಪಡಿಸಿದರೆ ಅದು ವಿಷಯವಾರು ಮಟ್ಟ ಗುಂಪು.

ಉಗಮ ಮತ್ತು ಬೆಳವಣಿಗೆ

ಭಾರತದ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಗಳನ್ನು ಬೇರೆ ಬೇರೆ ವ್ಯಾಸಂಗಗಳಿಗೆ ಹಂಚುವ ಮೊದಲ ಪ್ರಮುಖ ಶಿಫಾರಸು 1882ರ ಹಂಟರ್ ಆಯೋಗದ್ದು. ವಿಶ್ವವಿದ್ಯಾಲಯ ಪ್ರವೇಶಕ್ಕೆ ಒಯ್ಯುವ ‘ಎ’ ಶಿಕ್ಷಣಕ್ರಮ, ವಾಣಿಜ್ಯ ಮತ್ತು ವೃತ್ತಿಗಳಿಗೆ ಸಿದ್ಧಪಡಿಸುವ ‘ಬಿ’ ಶಿಕ್ಷಣಕ್ರಮ ಎಂಬ ಎರಡು ದಾರಿಗಳನ್ನು ಅದು ಸೂಚಿಸಿತು. ಪೋಷಕರ ಒಲವು ಮೆಟ್ರಿಕ್ಯುಲೇಷನ್ ಕಡೆಗೇ ಇದ್ದುದರಿಂದ ಎರಡನೆಯ ದಾರಿ ಬೇರೂರಲಿಲ್ಲ.

ಸ್ವಾತಂತ್ರ್ಯಾನಂತರ 1952–53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಶಾಲೆಗಳನ್ನು ಶಿಫಾರಸು ಮಾಡಿತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಐಚ್ಛಿಕ ಗುಂಪುಗಳಲ್ಲಿ ಒಂದನ್ನು ವಿದ್ಯಾರ್ಥಿ ಆರಿಸಿಕೊಳ್ಳಬೇಕಿತ್ತು. ಇದರಿಂದ ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲೇ ಮುಂದಿನ ದಾರಿ ಗೊತ್ತಾಗುತ್ತಿತ್ತು. 1964–66ರ ಕೊಠಾರಿ ಆಯೋಗ ಈ ಕ್ರಮವನ್ನು ಬದಲಿಸಿ, ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಸಾಮಾನ್ಯ ಪಠ್ಯಕ್ರಮ, ಕವಲುಗಳು ಆಮೇಲೆ ಎಂಬ ತತ್ತ್ವವನ್ನು ಮುಂದಿಟ್ಟಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ 10+2+3 ವಿನ್ಯಾಸವನ್ನೂ ತ್ರಿಭಾಷಾ ಸೂತ್ರವನ್ನೂ ಅಂಗೀಕರಿಸಿತು. ಹೊಸ ಹತ್ತು ವರ್ಷಗಳ ಕ್ರಮದಲ್ಲಿ ಹತ್ತನೆಯ ತರಗತಿಯ ಮೊದಲ ಎಸ್‌ಎಸ್‌ಸಿ ಪರೀಕ್ಷೆ ಮಹಾರಾಷ್ಟ್ರದಲ್ಲಿ 1975ರಲ್ಲಿ ನಡೆಯಿತು.

ಈ ಬದಲಾವಣೆಯಿಂದ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳು ರಾಜ್ಯ ಮಂಡಳಿಗಳಲ್ಲಿ ಎಲ್ಲರಿಗೂ ಕಡ್ಡಾಯವಾದವು. ಆಯ್ಕೆಗೆ ಮುಖ್ಯವಾಗಿ ಉಳಿದವು ಭಾಷೆ ಮತ್ತು ಮಾಧ್ಯಮ. ಹೀಗಾಗಿ ಇಂದು ರಾಜ್ಯ ಪಠ್ಯಕ್ರಮದ ಪ್ರೌಢಶಾಲೆಗಳಲ್ಲಿ ವಿಭಾಗಗಳನ್ನು ರೂಪಿಸುವ ಮೊದಲ ಅಂಶಗಳೂ ಇವೆರಡೇ.

ರಚನೆ

ಹಂಚಿಕೆಗೆ ಮೂರು ಹಂತಗಳಿವೆ. ಮೊದಲನೆಯದು ದಾಖಲಾತಿ. ಪ್ರವೇಶದ ಅರ್ಜಿಯಲ್ಲಿ ಪೋಷಕರು ಮಾಧ್ಯಮವನ್ನೂ ಭಾಷಾ ವಿಷಯಗಳನ್ನೂ ನಮೂದಿಸುತ್ತಾರೆ. ಎರಡನೆಯದು ವಿಭಾಗ ರಚನೆ. ಮಾಧ್ಯಮ ಮತ್ತು ಪ್ರಥಮ ಭಾಷೆಗೆ ಅನುಗುಣವಾಗಿ ವಿಭಾಗಗಳು ರೂಪುಗೊಳ್ಳುತ್ತವೆ. ಒಂದೇ ಮಾಧ್ಯಮದಲ್ಲಿ ಒಂದಕ್ಕಿಂತ ಹೆಚ್ಚು ವಿಭಾಗಗಳಿದ್ದರೆ ಅವುಗಳ ನಡುವಣ ಹಂಚಿಕೆಯನ್ನು ಶಾಲೆ ತಾನೇ ನಿಶ್ಚಯಿಸುತ್ತದೆ. ಮೂರನೆಯದು ಪರೀಕ್ಷಾ ನೋಂದಣಿ. ಹತ್ತನೆಯ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಯ ವಿಷಯ ಮತ್ತು ಮಾಧ್ಯಮದ ಸಂಕೇತಗಳು ಮಂಡಳಿಗೆ ಹೋಗುತ್ತವೆ. ಪ್ರಶ್ನೆಪತ್ರಿಕೆಯ ವಿತರಣೆ ಈ ಸಂಕೇತಗಳನ್ನೇ ಆಧರಿಸುವುದರಿಂದ, ಮಂಡಳಿ ಕಳಿಸುವ ಕರಡು ಪಟ್ಟಿಯನ್ನು ವಿದ್ಯಾರ್ಥಿಗಳ ದಾಖಲೆಗಳೊಂದಿಗೆ ತಾಳೆ ನೋಡಿ ಮುಖ್ಯೋಪಾಧ್ಯಾಯರು ಸಹಿ ಹಾಕಬೇಕು. ಮಹಾರಾಷ್ಟ್ರದಲ್ಲಿ ಈ ಪಟ್ಟಿಗೆ ಪ್ರೀ-ಲಿಸ್ಟ್ ಎಂದೂ ಕರ್ನಾಟಕದಲ್ಲಿ ನಾಮಿನಲ್ ರೋಲ್ ಎಂದೂ ಹೆಸರು.

ವಿಭಾಗ ಮತ್ತು ಬೋಧನಾ ಗುಂಪುಗಳನ್ನು ಹೊಂದಿಸುವುದು ವೇಳಾಪಟ್ಟಿಯ ಕೆಲಸ. ಉದಾಹರಣೆಗೆ, ಒಂಬತ್ತನೆಯ ತರಗತಿಯಲ್ಲಿ ‘ಎ’ ಮತ್ತು ‘ಬಿ’ ವಿಭಾಗಗಳಿದ್ದು, ಎರಡರಲ್ಲೂ ಕೆಲವರು ಪೂರ್ಣ ಹಿಂದಿಯನ್ನೂ ಕೆಲವರು ಹಿಂದಿ–ಸಂಸ್ಕೃತ ಸಂಯುಕ್ತವನ್ನೂ (ಒಂದು ಭಾಷೆಯ ಸ್ಥಾನದಲ್ಲಿ ಎರಡನ್ನೂ ಓದುವ ಕ್ರಮ) ಆರಿಸಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಆಗ ಎರಡೂ ವಿಭಾಗಗಳಿಗೆ ಆ ಭಾಷೆಯ ಅವಧಿ ಒಂದೇ ಹೊತ್ತಿಗೆ ಬರಬೇಕು. ಗಂಟೆ ಬಾರಿಸಿದೊಡನೆ ಎರಡೂ ವಿಭಾಗಗಳ ಪೂರ್ಣ ಹಿಂದಿಯವರು ಒಂದು ಕೋಣೆಗೆ, ಸಂಯುಕ್ತದವರು ಇನ್ನೊಂದಕ್ಕೆ ಹೋಗುತ್ತಾರೆ. ಅವಧಿ ಮುಗಿದ ಮೇಲೆ ತಮ್ಮ ತಮ್ಮ ವಿಭಾಗಗಳಿಗೆ ಮರಳುತ್ತಾರೆ. ಇದಕ್ಕೆ ಇಬ್ಬರು ಭಾಷಾ ಶಿಕ್ಷಕರೂ ಎರಡು ಕೋಣೆಗಳೂ ಒಟ್ಟಿಗೆ ಲಭ್ಯವಿರಬೇಕು. ಶಾಲೆಯಲ್ಲಿ ಸಂಸ್ಕೃತ ಶಿಕ್ಷಕರೇ ಇಲ್ಲದಿದ್ದರೆ ಮಂಡಳಿಯ ಪಟ್ಟಿಯಲ್ಲಿರುವ ಆಯ್ಕೆ ವಿದ್ಯಾರ್ಥಿಗೆ ದೊರೆಯುವುದಿಲ್ಲ.

ಹಂಚಿಕೆಯ ವಿಧಗಳು

ಮಾಧ್ಯಮವಾರು ಹಂಚಿಕೆ: ಬೋಧನೆಯ ಭಾಷೆ ಬೇರೆಯಾದರೆ ವಿಭಾಗವೂ ಬೇರೆ. ಒಂದೇ ಆವರಣದಲ್ಲಿ ಎರಡು ಮಾಧ್ಯಮಗಳಿರುವ ಶಾಲೆಗಳಲ್ಲಿ ಈ ವಿಂಗಡಣೆ ಅನಿವಾರ್ಯ.

ಭಾಷಾವಾರು ಹಂಚಿಕೆ: ಪ್ರಥಮ ಅಥವಾ ತೃತೀಯ ಭಾಷೆಯ ಆಯ್ಕೆಯಂತೆ ಇಡೀ ವಿಭಾಗವನ್ನೇ ರೂಪಿಸುವುದುಂಟು, ಭಾಷೆಯ ಅವಧಿಗೆ ಮಾತ್ರ ಬೋಧನಾ ಗುಂಪು ಮಾಡುವುದೂ ಉಂಟು. ಇಡೀ ವಿಭಾಗವನ್ನು ರೂಪಿಸಿದರೆ ವೇಳಾಪಟ್ಟಿ ಸುಲಭ. ಆದರೆ ಒಂದು ಭಾಷೆಯನ್ನು ಓದುವವರು ಉಳಿದ ವಿಷಯಗಳಲ್ಲೂ ಪ್ರತ್ಯೇಕವಾಗುತ್ತಾರೆ.

ತಟಸ್ಥ ಹಂಚಿಕೆ: ಅಕಾರಾದಿ, ದಾಖಲಾತಿ ಸಂಖ್ಯೆ ಅಥವಾ ಲಾಟರಿಯ ಮೂಲಕ ಮಿಶ್ರ ವಿಭಾಗಗಳನ್ನು ರಚಿಸುವ ಕ್ರಮ. ಅಂಕಗಳ ಪಟ್ಟಿಯನ್ನು ಇಳಿಕೆಯ ಕ್ರಮದಲ್ಲಿ ಬರೆದು ಮೊದಲನೆಯವರನ್ನು ‘ಎ’ಗೆ, ಎರಡನೆಯವರನ್ನು ‘ಬಿ’ಗೆ, ಮೂರನೆಯವರನ್ನು ‘ಸಿ’ಗೆ ಹಾಕಿ, ಮುಂದಿನ ಮೂವರನ್ನು ‘ಸಿ’ಯಿಂದ ಹಿಮ್ಮುಖವಾಗಿ ಹಂಚಿದರೆ ವಿಭಾಗಗಳ ಮಟ್ಟ ಹೆಚ್ಚುಕಡಿಮೆ ಸಮವಾಗುತ್ತದೆ.

ಮಟ್ಟವಾರು ಹಂಚಿಕೆ: ಹೆಚ್ಚು ಅಂಕದವರನ್ನು ಒಂದು ವಿಭಾಗದಲ್ಲಿ ಕೂಡಿಸುವ ಕ್ರಮ. ಫಲಿತಾಂಶದ ಸ್ಪರ್ಧೆಯಿರುವ ಶಾಲೆಗಳಲ್ಲಿ ಇದು ಕಂಡುಬರುತ್ತದೆ.

ತಾತ್ಕಾಲಿಕ ಗುಂಪು: ವಿಭಾಗವನ್ನು ಹಾಗೆಯೇ ಇಟ್ಟುಕೊಂಡು, ನಿರ್ದಿಷ್ಟ ಕಲಿಕಾಂಶ ಬಾರದವರಿಗೆ ಶಾಲಾ ಅವಧಿಯ ಮುಂಚೆ ಅಥವಾ ನಂತರ ಪರಿಹಾರ ಬೋಧನೆ ನೀಡುವ ಕ್ರಮ. ಕಲಿಕಾಂಶ ಸಾಧಿಸಿದ ವಿದ್ಯಾರ್ಥಿ ಗುಂಪಿನಿಂದ ಹೊರಬರುತ್ತಾನೆ.

ಮಹಾರಾಷ್ಟ್ರದ ಕ್ರಮ: ಉಮರೇಡ್

ಉಮರೇಡ್ ನಾಗಪುರದ ಆಗ್ನೇಯಕ್ಕಿರುವ ತಾಲೂಕು ಕೇಂದ್ರ, ಕಲ್ಲಿದ್ದಲು ಗಣಿಯಿರುವ ಊರು. ಇಲ್ಲಿನ ರಾಜ್ಯ ಪಠ್ಯಕ್ರಮದ ಶಾಲೆಗಳು ಮಹಾರಾಷ್ಟ್ರ ರಾಜ್ಯ ಮಾಧ್ಯಮಿಕ ಮತ್ತು ಉಚ್ಚ ಮಾಧ್ಯಮಿಕ ಶಿಕ್ಷಣ ಮಂಡಳಿಯ ನಾಗಪುರ ವಿಭಾಗೀಯ ಮಂಡಳಿಗೆ ಸೇರಿವೆ. ರಾಜ್ಯ ಮಂಡಳಿ 1965ರ ಕಾಯ್ದೆಯಂತೆ 1966ರ ಜನವರಿ 1ರಂದು ಅಸ್ತಿತ್ವಕ್ಕೆ ಬಂತು. ನಾಗಪುರ ವಿಭಾಗೀಯ ಮಂಡಳಿಯ ವ್ಯಾಪ್ತಿಯಲ್ಲಿ ನಾಗಪುರ, ಭಂಡಾರಾ, ಗೋಂದಿಯಾ, ಚಂದ್ರಪುರ, ವಾರ್ಧಾ, ಗಡಚಿರೋಲಿ ಜಿಲ್ಲೆಗಳಿವೆ. ಶಾಲೆಗಳ ಆಡಳಿತ ಮೇಲ್ವಿಚಾರಣೆ ಜಿಲ್ಲಾ ಪರಿಷತ್ತಿನ ಮಾಧ್ಯಮಿಕ ಶಿಕ್ಷಣಾಧಿಕಾರಿಯದು.

ಎಸ್‌ಎಸ್‌ಸಿ ಪರೀಕ್ಷೆಗೆ ಒಟ್ಟು 600 ಅಂಕಗಳು. ಮೂರು ಭಾಷೆಗಳು, ಗಣಿತ, ವಿಜ್ಞಾನ ಮತ್ತು ತಂತ್ರಜ್ಞಾನ, ಸಮಾಜ ವಿಜ್ಞಾನ ಇವುಗಳಿಗೆ ತಲಾ 100. ಗಣಿತಕ್ಕೆ ಭಾಗ 1 ಮತ್ತು 2 ಎಂದು 40 ಅಂಕಗಳ ಎರಡು ಪತ್ರಿಕೆಗಳೂ 20 ಆಂತರಿಕ ಅಂಕಗಳೂ ಇವೆ. ವಿಜ್ಞಾನಕ್ಕೂ ಇದೇ ಕ್ರಮ. ಒಂದು ಭಾಷೆಯ ಸ್ಥಾನದಲ್ಲಿ ತಲಾ 50 ಅಂಕಗಳ ಎರಡು ಭಾಷೆಗಳನ್ನು ಓದುವುದು ಸಂಯುಕ್ತ ಪಠ್ಯಕ್ರಮ. ಪೂರ್ಣ ಮತ್ತು ಸಂಯುಕ್ತ ಪಠ್ಯಕ್ರಮಗಳಿಗೆ ಪಠ್ಯಪುಸ್ತಕಗಳೇ ಬೇರೆ. ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಹತ್ತನೆಯ ತರಗತಿಯ ಹಿಂದಿ ಪುಸ್ತಕಗಳಲ್ಲಿ ‘ಲೋಕಭಾರತೀ’ ಪೂರ್ಣಕ್ಕೂ ‘ಲೋಕವಾಣೀ’ ಸಂಯುಕ್ತಕ್ಕೂ ಇವೆ. ಸಂಸ್ಕೃತದಲ್ಲಿ ‘ಆಮೋದಃ’ ಪೂರ್ಣಕ್ಕೆ, ‘ಆನಂದಃ’ ಸಂಯುಕ್ತಕ್ಕೆ. ಪುಸ್ತಕಗಳು ಬೇರೆಯಾದ್ದರಿಂದ ಎರಡು ಗುಂಪುಗಳನ್ನು ಒಂದೇ ಕೋಣೆಯಲ್ಲಿ ಒಟ್ಟಿಗೆ ಕಲಿಸಲಾಗದು.

ಮರಾಠಿ ಮಾಧ್ಯಮದ ಶಾಲೆಗಳಲ್ಲಿ ವಿಭಾಗಗಳನ್ನು ಬೇರ್ಪಡಿಸುವ ಮುಖ್ಯ ಅಂಶ ಸೆಮಿ-ಇಂಗ್ಲಿಷ್ ಕ್ರಮ. ಇದರಲ್ಲಿ ಗಣಿತ ಮತ್ತು ವಿಜ್ಞಾನವನ್ನು ಇಂಗ್ಲಿಷಿನಲ್ಲಿ, ಉಳಿದ ವಿಷಯಗಳನ್ನು ಮರಾಠಿಯಲ್ಲಿ ಕಲಿಸುತ್ತಾರೆ. ಪರೀಕ್ಷೆಯಲ್ಲೂ ಅದೇ ಭಾಷೆಗಳಲ್ಲಿ ಉತ್ತರಿಸಬೇಕು. ಒಂದೇ ಶಾಲೆಯಲ್ಲಿ ಒಂದು ತುಕಡಿ ಸೆಮಿ-ಇಂಗ್ಲಿಷ್, ಇನ್ನೊಂದು ಪೂರ್ಣ ಮರಾಠಿ ಆಗಿರುವುದು ಸಾಮಾನ್ಯ. ಪಠ್ಯಕ್ರಮ ಮತ್ತು ಅಂಕಗಳು ಎರಡಕ್ಕೂ ಒಂದೇ. ಹನ್ನೊಂದನೆಯ ತರಗತಿಯ ವಿಜ್ಞಾನ ಇಂಗ್ಲಿಷಿನಲ್ಲಿರುವುದರಿಂದ ವಿಜ್ಞಾನದ ಕಡೆಗೆ ಒಲವಿರುವವರು ಸೆಮಿ-ಇಂಗ್ಲಿಷ್ ಆರಿಸಿಕೊಳ್ಳುತ್ತಾರೆ. ಸೆಮಿ-ಇಂಗ್ಲಿಷ್ ಪ್ರವೇಶಕ್ಕೆ ಶಾಲೆ ಅಂಕಗಳನ್ನು ಪರಿಗಣಿಸಿದಲ್ಲಿ, ಮಾಧ್ಯಮವಾರು ಹಂಚಿಕೆ ಮಟ್ಟವಾರು ಹಂಚಿಕೆಯ ಪರಿಣಾಮವನ್ನೂ ಉಂಟುಮಾಡುತ್ತದೆ.

ತುಕಡಿಗಳ ಸಂಖ್ಯೆಯನ್ನು ಶಾಲೆ ತಾನಾಗಿ ಹೆಚ್ಚಿಸಿಕೊಳ್ಳುವಂತಿಲ್ಲ. ವಿದ್ಯಾರ್ಥಿ ಸಂಖ್ಯೆಯ ಮೇಲೆ ಶಿಕ್ಷಕ ಹುದ್ದೆಗಳನ್ನು ಮಂಜೂರು ಮಾಡುವ ವಾರ್ಷಿಕ ಪ್ರಕ್ರಿಯೆಗೆ ಸಂಚ ಮಾನ್ಯತಾ ಎಂದು ಹೆಸರು. ದಾಖಲಾತಿ ಇಳಿದರೆ ಶಿಕ್ಷಕರು ‘ಅತಿರಿಕ್ತ’ (ಹೆಚ್ಚುವರಿ) ಎನಿಸಿ ಬೇರೆ ಶಾಲೆಗೆ ಸಮಾಯೋಜನೆಗೊಳ್ಳುತ್ತಾರೆ. ಆಗ ತುಕಡಿಗಳು ಕೂಡಿಕೊಳ್ಳುತ್ತವೆ, ಭಾಷಾ ಆಯ್ಕೆಗಳೂ ಕುಗ್ಗುತ್ತವೆ.

ಕರ್ನಾಟಕದ ಕ್ರಮ

ಕರ್ನಾಟಕದ ಪ್ರೌಢಶಾಲೆ 8ರಿಂದ 10ನೆಯ ತರಗತಿಯವರೆಗಿನದು. ಎಸ್‌ಎಸ್‌ಎಲ್‌ಸಿ ಪರೀಕ್ಷೆ 625 ಅಂಕಗಳದಾಗಿ ನಡೆದುಬಂದಿದೆ: ಪ್ರಥಮ ಭಾಷೆಗೆ 125, ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ತಲಾ 100. ಕನ್ನಡ, ಸಂಸ್ಕೃತ, ಉರ್ದು, ಮರಾಠಿ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಪ್ರಥಮ ಭಾಷೆಯ ಆಯ್ಕೆಗಳು. ತೃತೀಯ ಭಾಷೆಯ ಪಟ್ಟಿಯಲ್ಲಿ ಹಿಂದಿ, ಸಂಸ್ಕೃತ, ಉರ್ದು ಮುಂತಾದವುಗಳ ಜೊತೆ ತುಳು ಮತ್ತು ಕೊಂಕಣಿಯೂ ಇವೆ. ಕೆಲವು ಶಾಲೆಗಳಲ್ಲಿ ತೃತೀಯ ಭಾಷೆಯ ಬದಲಿಗೆ ಮಾಹಿತಿ ತಂತ್ರಜ್ಞಾನ, ಆಟೋಮೊಬೈಲ್, ರಿಟೇಲ್ ಮೊದಲಾದ ವೃತ್ತಿ ವಿಷಯಗಳನ್ನು ಓದಬಹುದು.

ಪ್ರಥಮ ಭಾಷೆಯ ಆಯ್ಕೆ ರಾಜ್ಯದ ಸಾರ್ವಜನಿಕ ಜೀವನದ ದೊಡ್ಡ ಪ್ರಶ್ನೆಯಾಗಿತ್ತು. ಕನ್ನಡ ಓದದೆಯೂ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಳ್ಳಬಹುದಾಗಿದ್ದ ವ್ಯವಸ್ಥೆಯ ಹಿನ್ನೆಲೆಯಲ್ಲಿ 1980ರಲ್ಲಿ ವಿ. ಕೃ. ಗೋಕಾಕ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿ 150 ಅಂಕಗಳಿಗೆ ಇರಬೇಕೆಂದು 1981ರಲ್ಲಿ ಅದು ವರದಿ ನೀಡಿತು. ವರದಿಯ ಜಾರಿಗಾಗಿ ರಾಜಕುಮಾರ್ ಮುಂದಾಳತ್ವದಲ್ಲಿ 1982ರಲ್ಲಿ ಚಳವಳಿ ನಡೆಯಿತು. ಮುಂದೆ ಸರ್ಕಾರದ ಆದೇಶಗಳು ನ್ಯಾಯಾಲಯಗಳಲ್ಲಿ ಪರಿಶೀಲನೆಗೆ ಒಳಗಾದವು. ಬೋಧನಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿತು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯಗೊಳಿಸಿತು.

ಸರ್ಕಾರಿ ಪ್ರೌಢಶಾಲೆಗಳ ವೇಳಾಪಟ್ಟಿ ಶಿಕ್ಷಕರ ವರ್ಗೀಕರಣವನ್ನು ಅನುಸರಿಸುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಪಿಸಿಎಂ ಶಿಕ್ಷಕರು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಸಿಬಿಝಡ್ ಶಿಕ್ಷಕರು. ಇವರಲ್ಲಿ ಒಂದು ಹುದ್ದೆ ಖಾಲಿಯಿದ್ದರೂ ವಿಭಾಗಗಳನ್ನು ಕೂಡಿಸಿ ಪಾಠ ಮಾಡಬೇಕಾಗುತ್ತದೆ.

ಶೈಕ್ಷಣಿಕ ವರ್ಷದ ಆರಂಭದಲ್ಲಿ ನಡೆಯುವ ಸೇತುಬಂಧ ಕಾರ್ಯಕ್ರಮ ತಾತ್ಕಾಲಿಕ ಗುಂಪುಗಳಿಗೆ ಆಧಾರ. ನೈದಾನಿಕ ಪರೀಕ್ಷೆಯಿಂದ ಹಿಂದಿನ ತರಗತಿಯ ಕಲಿಕಾ ಕೊರತೆಗಳನ್ನು ಗುರುತಿಸಿ, ಪರಿಹಾರ ಬೋಧನೆ ನೀಡಿ, ಸಾಫಲ್ಯ ಪರೀಕ್ಷೆಯಿಂದ ಪ್ರಗತಿಯನ್ನು ಅಳೆಯುತ್ತಾರೆ. ಹತ್ತನೆಯ ತರಗತಿಯಲ್ಲಿ ವಿಶೇಷ ತರಗತಿ ಮತ್ತು ಗುಂಪು ಅಧ್ಯಯನ ಇದರ ಮುಂದುವರಿಕೆ. ಸರ್ಕಾರದ ಆದರ್ಶ ವಿದ್ಯಾಲಯಗಳಲ್ಲಿ ಆಯ್ಕೆ ನಡೆಯುವುದು ಶಾಲೆಯ ಬಾಗಿಲಲ್ಲೇ: ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲಾಗುತ್ತದೆ.

ಗಡಿಭಾಗದ ಕನ್ನಡ ವಿಭಾಗಗಳು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಸೊಲ್ಲಾಪುರ ಜಿಲ್ಲೆ ಪುಣೆ ವಿಭಾಗೀಯ ಮಂಡಳಿಗೂ ಸಾಂಗ್ಲಿ ಜಿಲ್ಲೆ ಕೊಲ್ಲಾಪುರ ವಿಭಾಗೀಯ ಮಂಡಳಿಗೂ ಸೇರಿವೆ. ಉಮರೇಡಿನ ವಿದ್ಯಾರ್ಥಿ ಮರಾಠಿಯಲ್ಲಿ ಓದುವ ಅದೇ ಪಠ್ಯಕ್ರಮವನ್ನು ಇಲ್ಲಿನ ವಿದ್ಯಾರ್ಥಿ ಬಾಲಭಾರತಿಯ ಕನ್ನಡ ಪುಸ್ತಕಗಳಲ್ಲಿ ಓದುತ್ತಾನೆ. 2020ರ ಮರಾಠಿ ಕಡ್ಡಾಯ ಬೋಧನೆ ಮತ್ತು ಕಲಿಕೆ ಕಾಯ್ದೆಯಿಂದಾಗಿ ರಾಜ್ಯದ ಎಲ್ಲ ಮಾಧ್ಯಮಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯ.

ಕೇರಳದ ಕಾಸರಗೋಡು ಜಿಲ್ಲೆಯ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಒಂದೇ ಶಾಲೆಯಲ್ಲಿ ಕನ್ನಡ ಮತ್ತು ಮಲಯಾಳ ಡಿವಿಷನ್‌ಗಳು ಅಕ್ಕಪಕ್ಕದಲ್ಲಿ ನಡೆಯುತ್ತವೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಹಾಜರಾತಿ ಆ ವರ್ಷದ ಡಿವಿಷನ್ ಮತ್ತು ಹುದ್ದೆಗಳ ಲೆಕ್ಕಕ್ಕೆ ಆಧಾರ. ಆ ದಿನದ ಲೆಕ್ಕದಲ್ಲಿ ಕನ್ನಡ ವಿದ್ಯಾರ್ಥಿಗಳ ಸಂಖ್ಯೆ ಇಳಿದರೆ ಡಿವಿಷನ್ ಮಾತ್ರವಲ್ಲ, ಅದನ್ನು ಆಧರಿಸಿದ ಕನ್ನಡ ಶಿಕ್ಷಕರ ಹುದ್ದೆಗೂ ಸಂಚಕಾರ ಬರುತ್ತದೆ. ಅಲ್ಪಸಂಖ್ಯಾತ ಭಾಷೆಯ ಮಾಧ್ಯಮ ಉಳಿಯುವುದಕ್ಕೂ ವಿಭಾಗ ಹಂಚಿಕೆಗೂ ಇರುವ ನೇರ ಸಂಬಂಧ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇತರ ಮಂಡಳಿಗಳು ಮತ್ತು ದೇಶಗಳು

ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ 2020ರ ಹತ್ತನೆಯ ತರಗತಿಯ ಪರೀಕ್ಷೆಯಿಂದ ಗಣಿತದಲ್ಲಿ ‘ಸ್ಟ್ಯಾಂಡರ್ಡ್’ ಮತ್ತು ‘ಬೇಸಿಕ್’ ಎಂಬ ಎರಡು ಮಟ್ಟದ ಪತ್ರಿಕೆಗಳನ್ನು ತಂದಿತು. ಪಠ್ಯಕ್ರಮ ಮತ್ತು ತರಗತಿಯ ಪಾಠ ಎರಡಕ್ಕೂ ಒಂದೇ. ಬೇರೆಯಾಗುವುದು ಪ್ರಶ್ನೆಪತ್ರಿಕೆ ಮಾತ್ರ. ಹೀಗಾಗಿ ಇದಕ್ಕೆ ಪ್ರತ್ಯೇಕ ವಿಭಾಗ ಬೇಕಿಲ್ಲ.

ಇಂಗ್ಲೆಂಡಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಗಣಿತಕ್ಕೆ ಫೌಂಡೇಷನ್ ಮತ್ತು ಹೈಯರ್ ಎಂಬ ಎರಡು ಸ್ತರಗಳಿವೆ. ಫೌಂಡೇಷನ್ ಬರೆದವರಿಗೆ ದೊರೆಯಬಹುದಾದ ಗರಿಷ್ಠ ಶ್ರೇಣಿ 5. ಹೈಯರ್ ಬರೆದವರಿಗೆ 9. ಅಲ್ಲಿನ ಶಾಲೆಗಳಲ್ಲಿ ಗಣಿತಕ್ಕೆ ವಿಷಯವಾರು ಮಟ್ಟ ಗುಂಪುಗಳು ಸಾಮಾನ್ಯವಾದ್ದರಿಂದ, ಯಾವ ಗುಂಪಿನಲ್ಲಿದ್ದಾರೆ ಎಂಬುದು ಯಾವ ಪತ್ರಿಕೆ ಬರೆಯುತ್ತಾರೆ ಎಂಬುದರ ಮೇಲೂ ಪ್ರಭಾವ ಬೀರುತ್ತದೆ. ಫಿನ್‌ಲೆಂಡ್ ಗಣಿತ ಮತ್ತು ವಿದೇಶಿ ಭಾಷೆಗಳಲ್ಲಿದ್ದ ಮಟ್ಟ ಗುಂಪುಗಳನ್ನು 1985ರಲ್ಲಿ ಕೈಬಿಟ್ಟಿತು. ಸಿಂಗಪುರ 2024ರಲ್ಲಿ ಪ್ರೌಢಶಾಲೆಗೆ ಸೇರಿದ ತಂಡದಿಂದ ಹಳೆಯ ಕವಲುಗಳನ್ನು ತೆಗೆದು, ಮಿಶ್ರ ವಿಭಾಗಗಳನ್ನು ರಚಿಸಿ, ಒಂದೊಂದು ವಿಷಯಕ್ಕೆ ಜಿ1, ಜಿ2, ಜಿ3 ಮಟ್ಟಗಳನ್ನು ಅಳವಡಿಸಿತು.

ಉಪಯೋಗ ಮತ್ತು ಪರಿಣಾಮ

ವಿಭಾಗ ಹಂಚಿಕೆಯಿಂದ ತರಗತಿಯ ಗಾತ್ರ ನಿಯಂತ್ರಣದಲ್ಲಿರುತ್ತದೆ, ಮಾಧ್ಯಮ ಮತ್ತು ಭಾಷೆಯ ಆಯ್ಕೆ ಸಾಧ್ಯವಾಗುತ್ತದೆ, ಶಿಕ್ಷಕರ ಅವಧಿಗಳು ಸಮನಾಗಿ ಹಂಚಿಕೆಯಾಗುತ್ತವೆ. ಮಟ್ಟವಾರು ಹಂಚಿಕೆಯ ಪರಿಣಾಮದ ಬಗ್ಗೆ ಅಧ್ಯಯನಗಳ ಫಲ ಏಕರೂಪವಾಗಿಲ್ಲ. ಎಸ್ತರ್ ಡುಫ್ಲೊ, ಪಾಸ್ಕಲಿನ್ ದುಪಾ, ಮೈಕೆಲ್ ಕ್ರೆಮರ್ ಕೆನ್ಯಾದ 121 ಪ್ರಾಥಮಿಕ ಶಾಲೆಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಟ್ಟವಾರು ವಿಭಾಗಗಳಿದ್ದಲ್ಲಿ ಎರಡೂ ಮಟ್ಟದ ಮಕ್ಕಳ ಕಲಿಕೆ ಹೆಚ್ಚಿತು. ಶಿಕ್ಷಕರು ಮಕ್ಕಳ ಮಟ್ಟಕ್ಕೆ ತಕ್ಕಂತೆ ಪಾಠವನ್ನು ಹೊಂದಿಸಿಕೊಂಡದ್ದು ಇದಕ್ಕೆ ಒಂದು ಕಾರಣ. ಕೆಳಗಿನ ಗುಂಪಿಗೆ ಅನುಭವಿ ಶಿಕ್ಷಕರು ದೊರೆಯದಿರುವುದು, ಒಮ್ಮೆ ಹಾಕಿದ ಗುಂಪಿನಿಂದ ಮೇಲೇರಲು ಅವಕಾಶ ಕಡಿಮೆಯಿರುವುದು, ನಿರೀಕ್ಷೆಯೇ ಕುಗ್ಗುವುದು ಇವು ಈ ಕ್ರಮದ ಬಗ್ಗೆ ದಾಖಲಾಗಿರುವ ಆಕ್ಷೇಪಗಳು. ವಾಷಿಂಗ್ಟನ್ ನಗರದ ಶಾಲೆಗಳಲ್ಲಿದ್ದ ಮಟ್ಟವಾರು ವಿಂಗಡಣೆಯನ್ನು ಅಲ್ಲಿನ ಫೆಡರಲ್ ನ್ಯಾಯಾಲಯ 1967ರ ಹಾಬ್ಸನ್ ಪ್ರಕರಣದಲ್ಲಿ ರದ್ದುಪಡಿಸಿತು.

ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಅನ್ವಯಿಸುತ್ತದೆ. ಕಾಯ್ದೆಯ ಕೋಟಾದಡಿ ಖಾಸಗಿ ಶಾಲೆಗೆ ಸೇರಿದ ದುರ್ಬಲ ವರ್ಗದ ಮಕ್ಕಳನ್ನು ಪ್ರತ್ಯೇಕ ವಿಭಾಗದಲ್ಲಿ ಕೂರಿಸುವುದಾಗಲಿ, ಅವರಿಗೆ ಬೇರೆ ಸ್ಥಳ ಅಥವಾ ಬೇರೆ ಸಮಯದಲ್ಲಿ ಪಾಠ ಮಾಡುವುದಾಗಲಿ ಕೂಡದು ಎಂದು ಅದರ ಮಾದರಿ ನಿಯಮಗಳು ಹೇಳುತ್ತವೆ. ಒಂಬತ್ತು ಮತ್ತು ಹತ್ತನೆಯ ತರಗತಿಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಇಂದಿನ ಸ್ಥಿತಿ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ಮತ್ತು ವಿಜ್ಞಾನ, ಶೈಕ್ಷಣಿಕ ಮತ್ತು ವೃತ್ತಿ ವಿಷಯಗಳ ನಡುವೆ ಕಟ್ಟುನಿಟ್ಟಿನ ಬೇಲಿ ಇರಬಾರದೆಂದು ಹೇಳಿ, ಪ್ರೌಢ ಹಂತವನ್ನು 9ರಿಂದ 12ನೆಯ ತರಗತಿ ಎಂದು ಪರಿಗಣಿಸಿತು. ಕರ್ನಾಟಕದಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಮತ್ತು ಪದವಿಪೂರ್ವ ಪರೀಕ್ಷಾ ವ್ಯವಸ್ಥೆ 2022ರಲ್ಲಿ ಒಂದಾಗಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ರಚನೆಯಾಯಿತು. 2023–24ರಲ್ಲಿ ವರ್ಷಕ್ಕೆ ಮೂರು ಎಸ್‌ಎಸ್‌ಎಲ್‌ಸಿ ಪರೀಕ್ಷೆಗಳ ಕ್ರಮ ಆರಂಭವಾಯಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿತು.

ಮಹಾರಾಷ್ಟ್ರದಲ್ಲಿ ಒಂದರಿಂದ ಐದನೆಯ ತರಗತಿಗೆ ಹಿಂದಿಯನ್ನು ಮೂರನೆಯ ಭಾಷೆಯಾಗಿ ತರುವ 2025ರ ಏಪ್ರಿಲ್ ತಿಂಗಳ ಆದೇಶವನ್ನು ವಿರೋಧದ ಕಾರಣ ಜೂನ್ ಕೊನೆಯಲ್ಲಿ ಹಿಂತೆಗೆದುಕೊಂಡು, ನರೇಂದ್ರ ಜಾಧವ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಲಾಯಿತು. ನಾಗಪುರದಂಥ ಮಹಾನಗರಗಳಿಗೆ ಸೀಮಿತವಾಗಿದ್ದ ಹನ್ನೊಂದನೆಯ ತರಗತಿಯ ಕೇಂದ್ರೀಕೃತ ಆನ್‌ಲೈನ್ ಪ್ರವೇಶ 2025–26ರಿಂದ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಇದರಿಂದ ಉಮರೇಡಿನಂಥ ತಾಲೂಕು ಕೇಂದ್ರಗಳ ವಿದ್ಯಾರ್ಥಿಗಳಿಗೂ ಕಲೆ, ವಾಣಿಜ್ಯ, ವಿಜ್ಞಾನ ಶಾಖೆಗಳಲ್ಲಿ ಸ್ಥಾನ ದೊರೆಯುವುದು ಹತ್ತನೆಯ ತರಗತಿಯ ಅಂಕ ಮತ್ತು ಆದ್ಯತಾ ಪಟ್ಟಿಯ ಮೂಲಕ. ಹತ್ತರವರೆಗಿನ ತುಕಡಿ ಹಂಚಿಕೆ ಮಾತ್ರ ಆಯಾ ಶಾಲೆಯ ಮುಖ್ಯೋಪಾಧ್ಯಾಯರ ಕೈಯಲ್ಲೇ ಇದೆ.